ಪರದೆಯ ಪಾಠ ಎಲ್ಲಿ ನಿಲ್ಲಬೇಕು

2020ರ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ಮುಚ್ಚಿದ್ದ ರಾಜ್ಯದ ಸರ್ಕಾರಿ ಶಾಲೆಗಳ ಮೇಷ್ಟ್ರುಗಳು ಒಂದು ಹೊಸ ಬಗೆಯ ಪಟ್ಟಿ ಮಾಡಬೇಕಾಯಿತು. ಮಗು ಎಷ್ಟು ಅಂಕ ತೆಗೆದಿದೆ, ಹಾಜರಾತಿ ಎಷ್ಟು ಎಂಬುದನ್ನು ಬಿಟ್ಟು, ಮನೆಯಲ್ಲಿ ಎಂಥ ಫೋನಿದೆ ಎಂದು ಬರೆದುಕೊಳ್ಳುವ ಪಟ್ಟಿ ಅದು. ವಿದ್ಯಾಗಮ ಯೋಜನೆಯಲ್ಲಿ ಮಕ್ಕಳನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಿಗೆ ಹಂಚಬೇಕಿತ್ತು. ಫೋನೇ ಇಲ್ಲದವರು ಒಂದರಲ್ಲಿ, ಇಂಟರ್‌ನೆಟ್ ಇಲ್ಲದ ಸಾದಾ ಫೋನಿನವರು ಇನ್ನೊಂದರಲ್ಲಿ, ಸ್ಮಾರ್ಟ್‌ಫೋನಿನವರು ಮತ್ತೊಂದರಲ್ಲಿ. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ನಡೆಯಿತು. ಅಕ್ಟೋಬರಿನಲ್ಲಿ ಸೋಂಕಿನ ಭಯಕ್ಕೆ ಯೋಜನೆಯನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ಆರಂಭಿಸಿದರು. ಯೋಜನೆ ಏನಾದರೂ ಆಗಲಿ, ಆ ಪಟ್ಟಿ ಮಾತ್ರ ಸರಿಯಾದ ಕಡೆಯಿಂದ ಹೊರಟಿತ್ತು. ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಪಾಠವನ್ನು ಹೇಗೆ ಜೋಡಿಸಿದರೆ ಕಲಿಯುವವನಿಗೆ ತಲುಪುತ್ತದೆ ಎಂದು ಕೇಳುವ ಮೊದಲು, ಅದು ಯಾರ ಕೈಯ ಯಾವ ಫೋನಿಗೆ, ದಿನದ ಯಾವ ಹೊತ್ತಿಗೆ ಹೋಗುತ್ತದೆ ಎಂದು ಕೇಳಬೇಕು.

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯನ್ನೇ ತೆಗೆದುಕೊಳ್ಳಿ. ಕರಿಸಿದ್ಧೇಶ್ವರ ಬೆಟ್ಟದ ಈ ಹೋಬಳಿ ಕೇಂದ್ರದ ಸುತ್ತ ಅಡಿಕೆ, ತೆಂಗು, ಮೆಕ್ಕೆಜೋಳ. ಸ್ಮಾರ್ಟ್‌ಫೋನ್ ಈಗ ಹೆಚ್ಚಿನ ಮನೆಗಳಿಗೆ ಬಂದಿದೆ, ಆದರೆ ಹಗಲು ಹೊತ್ತು ಮನೆಯಲ್ಲಿರುವುದಿಲ್ಲ. ‘ಫೋನು ಅವ್ರಪ್ಪನ ಜತಿಗೆ ತ್ವಾಟಕ್ಕೋಗೈತೆ ಸಾ, ದೀಪ ಹಚ್ಚೋ ಹೊತ್ತಿಗೆ ಬರ್ತೈತೆ’ ಎಂಬ ಉತ್ತರ ಈ ಸೀಮೆಯ ಮೇಷ್ಟ್ರುಗಳಿಗೆ ಹೊಸದಲ್ಲ. 2020ರ ಸೆಪ್ಟೆಂಬರಿನಲ್ಲಿ ನಡೆದ, ಶಿಕ್ಷಣದ ಸ್ಥಿತಿ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಶೇ 61.8ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಪಾಠದ ಸಾಮಗ್ರಿ ಸಿಕ್ಕ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಅದು ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ. ಕೋಟಿಗಟ್ಟಲೆ ಸುರಿದು ಕಟ್ಟಿದ ವೇದಿಕೆಗಳು ಒಂದು ಕಡೆ ಉಳಿದವು. ಮೇಷ್ಟ್ರು ಕಪ್ಪುಹಲಗೆಯ ಫೋಟೊ ತೆಗೆದು ಗುಂಪಿಗೆ ಹಾಕಿದ್ದೇ ‘ಆನ್‌ಲೈನ್ ಕ್ಲಾಸ್’ ಆಯಿತು.

ಲೆಕ್ಕವನ್ನೂ ನೋಡೋಣ. ಒಂದು ಗಂಟೆಯ ಪಾಠವನ್ನು ಸಾಧಾರಣ ಗುಣಮಟ್ಟದ ಧ್ವನಿಯಾಗಿ, ಸೆಕೆಂಡಿಗೆ 32 ಕಿಲೋಬಿಟ್‌ನಂತೆ ಉಳಿಸಿದರೆ 15 ಎಂಬಿ ದಾಟುವುದಿಲ್ಲ. ಅದೇ ಪಾಠವನ್ನು ಸ್ಪಷ್ಟ ವಿಡಿಯೊ ಮಾಡಿದರೆ ನೂರಾರು ಎಂಬಿ. ಅಚ್ಚುಕಟ್ಟಾದ ಒಂದು ಪುಟ ಬರಹಕ್ಕೆ ಕೆಲವೇ ಕೆಬಿ ಸಾಕು. ಅಪ್ಪನ ದಿನದ ಡೇಟಾದಲ್ಲಿ ಉಳಿದದ್ದನ್ನು ಅಣ್ಣ, ತಂಗಿ ಇಬ್ಬರೂ ಹಂಚಿಕೊಳ್ಳಬೇಕಾದ ಮನೆಯಲ್ಲಿ ಈ ಅಂತರವೇ ಪಾಠ ಸಿಗುತ್ತದೋ ಇಲ್ಲವೋ ಎಂಬುದನ್ನು ಗೊತ್ತುಮಾಡುತ್ತದೆ. ಮಾತನಾಡುವವರ ಮುಖ ಬಿಟ್ಟರೆ ತೋರಿಸಲು ಬೇರೇನೂ ಇಲ್ಲದ ಪಾಠವನ್ನು ವಿಡಿಯೊ ಮಾಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ದೂರದಿಂದ ಪಾಠ ಕಳಿಸುವ ಪ್ರಯತ್ನಕ್ಕೆ ಕರ್ನಾಟಕದಲ್ಲಿ ಅರ್ಧ ಶತಮಾನದ ಇತಿಹಾಸವಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ನಡೆಸಿದ ಸೈಟ್ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಂದಿತು. ನಮ್ಮಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾಮಕ್ಕಳ ಕಾರ್ಯಕ್ರಮ, ಒಂದೊಂದು ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ ಎಜುಸ್ಯಾಟ್ ಹಾರಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಅದರ ಮೊದಲ ಪಾಠಗಳು ಹೋದವು, ಚಾಮರಾಜನಗರ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಕೂತವು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತಿರುಗಿ ಪ್ರಶ್ನೆ ಕೇಳುವ ದಾರಿ ಇತ್ತು. ಪ್ರಾಥಮಿಕ ಶಾಲೆಯ ಮಕ್ಕಳ ಪಾಲಿಗೆ ಅದು ಬರೀ ನೋಡುವ ಪೆಟ್ಟಿಗೆ.

ಈ ಸಾಲಿನಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಉಪಗ್ರಹಗಳಿಗಿಂತ ರೇಡಿಯೊ. ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಎಂಬ ಹೆಸರುಗಳು ಚಿತ್ರದುರ್ಗ ಆಕಾಶವಾಣಿಯ ವ್ಯಾಪ್ತಿಯಲ್ಲಿ ಓದಿದವರಿಗೆ ನೆನಪಿರಬೇಕು. ಒಂದರಿಂದ ಮೂರನೇ ತರಗತಿಯವರಿಗೆಂದು ಮಾಡಿದ ‘ಚಿನ್ನರ ಚುಕ್ಕಿ’ಯಲ್ಲಿ ದನಿ ಏನೋ ಕೇಳುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಆ ಮೌನ ಮಕ್ಕಳಿಗೆ ಮೀಸಲು: ಉತ್ತರ ಕೂಗಬೇಕು, ಎದ್ದು ನಿಲ್ಲಬೇಕು, ಬೆರಳು ಎಣಿಸಬೇಕು. ಸಂವಾದಾತ್ಮಕ ರೇಡಿಯೊ ಪಾಠದ ಮಾದರಿಯೇ ಅಂಥದ್ದು. ಬರೆಯುವವರು ಮಾತಿನ ಜೊತೆ ಮೌನದ ಸೆಕೆಂಡುಗಳನ್ನೂ ಬರೆಯುತ್ತಾರೆ. ರೇಡಿಯೊಗೆ ಮಕ್ಕಳ ಮಾತು ಕೇಳಿಸದು, ಆದರೂ ಕೇಳಿಸಿದಂತೆ ಪಾಠ ಮುಂದುವರಿಯುತ್ತದೆ. ಗಮಕಿ ಪದ್ಯ ಹಾಡಿ ನಿಲ್ಲಿಸಿ, ವ್ಯಾಖ್ಯಾನಕಾರರು ಅರ್ಥ ಬಿಡಿಸಿ, ಮತ್ತೆ ಗಮಕಿ ಎತ್ತಿಕೊಳ್ಳುವ ವಾಚನ ವ್ಯಾಖ್ಯಾನವನ್ನು ಕೇಳಿ ಬೆಳೆದವರಿಗೆ ಈ ನಿಲುಗಡೆಯ ಬೆಲೆ ಗೊತ್ತು. ಯಂತ್ರ ದೊಡ್ಡದಾಗುತ್ತ ಬಂದಂತೆ ನಾವು ಕಳೆದುಕೊಂಡದ್ದು ಈ ನಿಲುಗಡೆಯನ್ನೇ. 2020ರಲ್ಲಿ ಚಂದನ ವಾಹಿನಿಯಲ್ಲಿ ಬಂದ ‘ಸಂವೇದ’ ಪಾಠಗಳನ್ನು ಶ್ರದ್ಧೆಯಿಂದ ಮಾಡಿದ್ದರು, ಟಿವಿ ಇದ್ದ ಮನೆಗಳಿಗೆ ಅವು ದೊಡ್ಡ ಆಸರೆಯೂ ಆದವು. ಆದರೆ ಟಿವಿಯ ವೇಳಾಪಟ್ಟಿ ಯಾರಿಗೂ ಕಾಯುವುದಿಲ್ಲ.

ಫೋನಿನ ಪಾಠ ಕಾಯಬಲ್ಲದು. ಹಾಗಿದ್ದೂ ಅದನ್ನು ಟಿವಿಯಂತೆಯೇ ಬಳಸುತ್ತಿದ್ದೇವೆ. 2017ರ ಜುಲೈ 9ರಂದು ಆರಂಭವಾದ, ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ಸ್ವಯಂ ವೇದಿಕೆಯಲ್ಲಿ ಪ್ರತಿ ಕೋರ್ಸಿಗೂ ನಾಲ್ಕು ಪಾದಗಳಿರಬೇಕೆಂಬ ನಿಯಮವಿದೆ: ವಿಡಿಯೊ ಪಾಠ, ಓದುವ ಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವಿನ್ಯಾಸ ಬೇಕಿಲ್ಲ. ಕೋರ್ಸು ತಯಾರಿಸುವಾಗ ದುಡ್ಡು, ಸಮಯ, ಸ್ಟುಡಿಯೊ ಎಲ್ಲವೂ ಮೊದಲ ಪಾದಕ್ಕೆ ಹೋಗಿ, ಕೊನೆಯ ಎರಡಕ್ಕೆ ಉಳಿದುಬಳಿದದ್ದು ಸಿಗುವುದು ರೂಢಿ. ಅದೇ ವರ್ಷ ಸೆಪ್ಟೆಂಬರ್ 5ರಂದು ಬಂದ ದೀಕ್ಷಾ ವೇದಿಕೆ ಪಠ್ಯಪುಸ್ತಕಕ್ಕೇ ಅಂಟಿಕೊಂಡಿತು. ಪುಸ್ತಕದ ಪುಟದಲ್ಲಿ ಕ್ಯೂಆರ್ ಕೋಡ್, ಸ್ಕ್ಯಾನ್ ಮಾಡಿದರೆ ಆ ಪಾಠದ್ದೇ ಸಾಮಗ್ರಿ. ಹುಡುಕುವ ತೊಂದರೆ ತಪ್ಪಿಸಿದ ಈ ಉಪಾಯ ನಿಜಕ್ಕೂ ಜಾಣತನದ್ದು. ಮಗುವಿಗೆ ‘ಎಲ್ಲಿ ನೋಡಲಿ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಪಾಠದ ಪ್ರಸ್ತುತಿ ಎಂದರೆ ಸ್ಲೈಡಿನ ಬಣ್ಣ ಎಂದುಕೊಂಡವರು ಈ ಚಿಕ್ಕ ಚೌಕವನ್ನು ಗಮನಿಸಬೇಕು.

ಸಂಶೋಧಕರು ಏನನ್ನುತ್ತಾರೆ? ಜಾನ್ ಸ್ವೆಲ್ಲರ್ 1988ರಲ್ಲಿ ಮಂಡಿಸಿದ ಅರಿವಿನ ಹೊರೆಯ ಸಿದ್ಧಾಂತ, ರಿಚರ್ಡ್ ಮೇಯರ್ ದಶಕಗಳ ಕಾಲ ನಡೆಸಿದ ಪ್ರಯೋಗಗಳು ಒಟ್ಟಾಗಿ ಹೇಳುವುದು ಸರಳ: ಒಮ್ಮೆಗೆ ಮನಸ್ಸು ಹಿಡಿಯುವುದು ಸ್ವಲ್ಪ, ಆ ಸ್ವಲ್ಪದಲ್ಲಿ ಅಲಂಕಾರಕ್ಕೆ ಜಾಗ ಕೊಟ್ಟರೆ ವಿಷಯಕ್ಕೆ ಜಾಗ ಉಳಿಯದು. ಚಿತ್ರ ತೋರಿಸುತ್ತ ಮಾತಿನಲ್ಲಿ ವಿವರಿಸಿದರೆ ಚೆನ್ನ. ಚಿತ್ರದ ಮೇಲೆ ಅದೇ ಮಾತನ್ನು ಉದ್ದುದ್ದ ಬರೆದು, ಅದನ್ನೇ ಓದಿ ಹೇಳಿದರೆ ಕೆಡುಕು. ನಮ್ಮ ಪವರ್‌ಪಾಯಿಂಟ್ ಪಾಠಗಳಲ್ಲಿ ಮುಕ್ಕಾಲು ಪಾಲು ಈ ಕೊನೆಯ ಸಾಲಿಗೇ ಸೇರಿಯಾವು. ಶುರುವಿಗೆ ತಿರುಗುವ ಲಾಂಛನ, ಕೊಳಲಿನ ಸಂಗೀತ, ಸ್ವಾಗತದ ಮಾತು, ಇಲಾಖೆಯ ಹೆಸರು ಎಲ್ಲ ಮುಗಿದು ಪಾಠ ಬರುವ ಹೊತ್ತಿಗೆ ಹುಡುಗನ ಹೆಬ್ಬೆರಳು ಬೇರೆ ಕಡೆ ಸರಿದಿರುತ್ತದೆ. 2014ರಲ್ಲಿ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ವಿಡಿಯೊ ಎಷ್ಟೇ ಉದ್ದವಿರಲಿ, ನೋಡುವ ಮಧ್ಯಮ ಅವಧಿ ಆರು ನಿಮಿಷ ದಾಟಲಿಲ್ಲ. ಸ್ಟುಡಿಯೊದ ಠೀವಿಯ ಉಪನ್ಯಾಸಕ್ಕಿಂತ, ಕೈಯಲ್ಲಿ ಬರೆಯುತ್ತ ಹೇಳಿದ್ದು ಜನರನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ‘ಆರು ನಿಮಿಷ’ ಎಂಬುದು ಆಮೇಲೆ ತರಬೇತಿ ಶಿಬಿರಗಳಲ್ಲಿ ಶಾಸನವಾಗಿಬಿಟ್ಟಿತು. ಆ ಅಧ್ಯಯನದವರು ನೋಡಿದ್ದು ಇಂಗ್ಲಿಷ್ ಬಲ್ಲ, ತಾವೇ ಆರಿಸಿ ಬಂದ ಕಲಿಕಾರ್ಥಿಗಳನ್ನು. ಎಸ್ಸೆಸ್ಸೆಲ್ಸಿ ಮಕ್ಕಳ ಪಾಠವನ್ನು ಗಡಿಯಾರ ನೋಡಿ ಕತ್ತರಿಸುವುದಕ್ಕಿಂತ ಪ್ರಶ್ನೆ ನೋಡಿ ಕತ್ತರಿಸುವುದು ಮೇಲು.

ಹಾಗೆಂದರೇನು? ಹತ್ತನೇ ತರಗತಿ ವಿಜ್ಞಾನದ ವಿದ್ಯುಚ್ಛಕ್ತಿ ಪಾಠದಲ್ಲಿ ರೋಧಕಗಳ ಸಮಾಂತರ ಜೋಡಣೆ ಬರುತ್ತದೆ. ತರಗತಿಯಲ್ಲಿ ಇದಕ್ಕೆ ಒಂದು ಪೂರ್ತಿ ಪೀರಿಯಡ್. ಅದನ್ನೇ ಕ್ಯಾಮೆರಾ ಇಟ್ಟು ಹಿಡಿದರೆ ನಲವತ್ತು ನಿಮಿಷದ ವಿಡಿಯೊ ಆಗುತ್ತದೆ, ರಾಮಗಿರಿಯಲ್ಲಿ ದೀಪ ಹಚ್ಚಿದ ಮೇಲೆ ಫೋನು ಸಿಕ್ಕ ಹುಡುಗಿಗೆ ಅದು ಉಪಯೋಗವಿಲ್ಲ. ಬದಲಿಗೆ ಹೀಗೆ ಮಾಡಬಹುದು. ಮೊದಲ ತುಣುಕು, ಎರಡು ನಿಮಿಷ: ಹಬ್ಬದ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಸುಟ್ಟರೆ ಸಾಲಿಗೆ ಸಾಲೇ ಆರುತ್ತದೆ, ಮನೆಯ ಅಡುಗೆಕೋಣೆ ಬಲ್ಬು ಸುಟ್ಟರೆ ಹಜಾರದ್ದು ಉರಿಯುತ್ತಲೇ ಇರುತ್ತದೆ, ಯಾಕೆ? ಇಲ್ಲಿ ವಿಡಿಯೊ ತಾನಾಗಿ ನಿಲ್ಲಬೇಕು. ಹುಡುಗಿ ಏನಾದರೂ ಒಂದು ಊಹೆ ಬರೆದ ಮೇಲೆ ಎರಡನೇ ತುಣುಕು, ಚಿತ್ರ ಬಿಡಿಸುತ್ತ ಸೂತ್ರ. ಬಳಿಕ ಒಂದೇ ಪ್ರಶ್ನೆ: 6 ಓಮ್‌ನ ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧ ಎಷ್ಟು? ಆಯ್ಕೆಗಳು 12, 36, ಮೂರನೇ ಒಂದು, 3.

ಈ ನಾಲ್ಕು ಅಂಕಿಗಳನ್ನು ಆರಿಸುವುದರಲ್ಲೇ ಪಾಠ ಮಾಡುವವರ ಕಸುಬು ಕಾಣುತ್ತದೆ. 12 ಒತ್ತಿದವಳು ಸರಣಿ ಜೋಡಣೆಯಂತೆ ಕೂಡಿಸಿದ್ದಾಳೆ, ಅವಳನ್ನು ಸೀರಿಯಲ್ ಸೆಟ್ಟಿಗೆ ವಾಪಸು ಕಳಿಸಬೇಕು. 36 ಒತ್ತಿದವಳು ಗುಣಿಸಿ, ಮೊತ್ತದಿಂದ ಭಾಗಿಸುವುದನ್ನು ಬಿಟ್ಟಿದ್ದಾಳೆ. ಮೂರನೇ ಒಂದು ಎಂದವಳಿಗೆ ವಿಷಯ ಗೊತ್ತು. ಆರನೇ ಒಂದಕ್ಕೆ ಆರನೇ ಒಂದನ್ನು ಸರಿಯಾಗಿಯೇ ಕೂಡಿಸಿ ಕೊನೆಗೆ ತಿರುವಿ ಹಾಕುವುದನ್ನು ಮರೆತಿದ್ದಾಳೆ. ಅವಳಿಗೆ ಇಡೀ ಪಾಠ ಮತ್ತೆ ತೋರಿಸಿದರೆ ಬೇಸರ ಬಂದೀತು, ಒಂದು ಸಾಲಿನ ಸೂಚನೆ ಸಾಕು. ‘ತಪ್ಪು ಉತ್ತರ, ಮತ್ತೆ ಪ್ರಯತ್ನಿಸಿ’ ಎಂದು ಎಲ್ಲರಿಗೂ ಒಂದೇ ಕೆಂಪು ಗುರುತು ತೋರಿಸುವ ವೇದಿಕೆಗೂ ಗೈಡ್ ಪುಸ್ತಕದ ಹಿಂದಿನ ಉತ್ತರಪಟ್ಟಿಗೂ ವ್ಯತ್ಯಾಸ ಕಡಿಮೆ. 2021ರ ಜುಲೈ 19 ಮತ್ತು 22ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನೇ ಎರಡು ದಿನದ ಬಹು ಆಯ್ಕೆ ಪರೀಕ್ಷೆಯಾಗಿ ಮಾಡಿದಾಗ ರಾಜ್ಯದ ತುಂಬ ಪ್ರಶ್ನೆಕೋಠಿಗಳು ಹುಟ್ಟಿದವು. ತಪ್ಪು ಆಯ್ಕೆಗೆ ತಲೆ ಖರ್ಚು ಮಾಡಿದವು ಅವುಗಳಲ್ಲಿ ಎಷ್ಟಿದ್ದವೋ! ಅಂದಹಾಗೆ, ಓದಿದ್ದನ್ನು ಮತ್ತೆ ಓದುವುದಕ್ಕಿಂತ ನೆನಪಿನಿಂದ ಎಳೆದು ಉತ್ತರಿಸುವುದೇ ಹೆಚ್ಚು ದಿನ ಉಳಿಯುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ್ದಾರೆ. ಬಾಯಿಪಾಠ ಒಪ್ಪಿಸಲು ನಿಲ್ಲಿಸುತ್ತಿದ್ದ ಹಳೇ ಮೇಷ್ಟ್ರುಗಳು ಇದರಲ್ಲಿ ಅರ್ಧದಷ್ಟನ್ನಾದರೂ ಬಲ್ಲವರಾಗಿದ್ದರು.

ಮಾಡುತ್ತ ಕಲಿಯುವುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ತಂತ್ರಾಂಶ ಕಲಿಸುವ ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಕನ್ನಡ ದನಿಯಲ್ಲೂ ಇವೆ. ಪರದೆಯ ಒಂದು ಪಕ್ಕ ವಿಡಿಯೊ, ಇನ್ನೊಂದು ಪಕ್ಕ ಆ ತಂತ್ರಾಂಶ. ಕೇಳು, ನಿಲ್ಲಿಸು, ಅದೇ ಕೆಲಸ ನೀನೂ ಮಾಡು, ಮುಂದಕ್ಕೆ ಹೋಗು. ನೋಡಲು ಸಪ್ಪೆ, ಸಂಗೀತವಿಲ್ಲ, ಮುಖವೂ ಕಾಣದು. ಆದರೆ ಪಾಠ ಮುಗಿಯುವ ಹೊತ್ತಿಗೆ ಕಲಿಯುವವನ ಕಡೆಯ ಪರದೆಯಲ್ಲೂ ಒಂದು ಕೆಲಸ ಮುಗಿದಿರುತ್ತದೆ.

ಇನ್ನು ಕನ್ನಡಕ್ಕೇ ವಿಶೇಷವಾದ ತೊಡಕುಗಳು. ಇವನ್ನು ಹೊರಗಿನ ಯಾವ ಕೈಪಿಡಿಯೂ ಹೇಳಿಕೊಡುವುದಿಲ್ಲ. ಇಪ್ಪತ್ತು ವರ್ಷಗಳಿಂದ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕಟ್ಟಿಟ್ಟ ನೋಟ್ಸು ನಮ್ಮ ಅಧ್ಯಾಪಕರ ಪೆನ್‌ಡ್ರೈವ್‌ಗಳಲ್ಲಿ ರಾಶಿಯಿದೆ. ಅದನ್ನು ನಕಲು ಮಾಡಿ ಕಲಿಕಾ ವೇದಿಕೆಯ ಪೆಟ್ಟಿಗೆಗೆ ಅಂಟಿಸಿದರೆ ಕನ್ನಡ ಮಾಯ. ನಕಾರದ ಜಾಗದಲ್ಲಿ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ. ಸರ್ಕಾರ ಯೂನಿಕೋಡ್ ಒಪ್ಪಿ ದಶಕ ಕಳೆದರೂ ಇದು ಮುಗಿದಿಲ್ಲ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಅರ್ಕಾವೊತ್ತು ಮತ್ತು ಕೆಲವು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಲೇಬೇಕು. ಅಷ್ಟು ಪುರುಸೊತ್ತಿಲ್ಲದವರು ಪುಟವನ್ನು ಫೋಟೊ ತೆಗೆದು ಪಿಡಿಎಫ್ ಮಾಡಿ ಏರಿಸುತ್ತಾರೆ. ಆ ಪಿಡಿಎಫ್‌ನಲ್ಲಿ ಪದ ಹುಡುಕಲಾಗದು, ಚಿಕ್ಕ ಪರದೆಗೆ ಸಾಲುಗಳು ಹೊಂದಿಕೊಳ್ಳವು, ಕಣ್ಣು ಕಾಣದ ವಿದ್ಯಾರ್ಥಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಚಿತ್ರ.

ಸಾಲಿನ ನಡುವಿನ ಜಾಗವೂ ಹಾಗೆಯೇ. ರೋಮನ್ ಲಿಪಿಗೆ ಹೊಂದಿಸಿದ ಅಂತರದಲ್ಲಿ ಕನ್ನಡ ಹಾಕಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ವಿದ್ಯುಚ್ಛಕ್ತಿ’ ಎಂಬ ಒಂದೇ ಪದದಲ್ಲಿ ಎಷ್ಟು ಒತ್ತು ಎಣಿಸಿ ನೋಡಿ. ವಿಡಿಯೊ ಸಂಕಲನದ ಕೆಲವು ತಂತ್ರಾಂಶಗಳಲ್ಲಿ ಸರಿಯಾದ ಆಯ್ಕೆ ಒತ್ತದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, ಸ್ಟುಡಿಯೊದಲ್ಲಿ ಕೂತ ಕನ್ನಡ ಬಾರದ ತಂತ್ರಜ್ಞನಿಗೆ ಅದು ಗೊತ್ತೂ ಆಗುವುದಿಲ್ಲ. ಅಕ್ಷರ ಸ್ವಲ್ಪ ದೊಡ್ಡದು, ಸಾಲಿಗೆ ನಾಲ್ಕೈದು ಪದ, ಪರದೆಗೆ ಐದಾರು ಸಾಲು: ಐದೂವರೆ ಅಂಗುಲದ ಫೋನಿಗೆ ಇದಕ್ಕಿಂತ ಹೆಚ್ಚು ತುಂಬಿದರೆ ಓದುವುದು ಕಷ್ಟ.

ಹತ್ತನೇ ತರಗತಿವರೆಗೆ ‘ವಿಭವಾಂತರ’, ‘ರೋಧ’ ಎಂದು ಕಲಿತವಳು ಪಿಯುಸಿ ವಿಜ್ಞಾನಕ್ಕೆ ಹೊಳಲ್ಕೆರೆಗೋ ಚಿತ್ರದುರ್ಗಕ್ಕೋ ಹೋದ ದಿನ ‘ಪೊಟೆನ್ಷಿಯಲ್ ಡಿಫರೆನ್ಸ್’, ‘ರೆಸಿಸ್ಟೆನ್ಸ್’ ಎದುರಾಗುತ್ತವೆ. 2020ರ ಏಪ್ರಿಲ್‌ನಲ್ಲಿ ಸಿಇಟಿ, ನೀಟ್ ತಯಾರಿಗೆಂದು ರಾಜ್ಯ ಸರ್ಕಾರ ತೆರೆದ ‘ಗೆಟ್‌ಸಿಇಟಿಗೋ’ದಂಥ ವೇದಿಕೆಗಳ ಹೊಸಿಲಲ್ಲಿ ಇಂಥ ಮಕ್ಕಳು ಎಡವುವುದು ವಿಷಯಕ್ಕಲ್ಲ, ಪದಕ್ಕೆ. ಇದಕ್ಕೆ ಮದ್ದು ದೊಡ್ಡದೇನೂ ಬೇಡ. ಮೊದಲ ಸಲ ಪದ ಬಂದಾಗ ಎರಡೂ ರೂಪಗಳನ್ನು ಒಟ್ಟಿಗೆ ಹೇಳುವುದು, ಪದವನ್ನು ಒತ್ತಿದರೆ ಹಳೆಯ ಹೆಸರು ಕಾಣುವಂತೆ ಮಾಡುವುದು, ದನಿ ಕನ್ನಡದ್ದೇ ಇರಲಿ ಎನ್ನುವುದು. ಐಐಟಿಗಳ ಉಪನ್ಯಾಸ ವೇದಿಕೆ ಎನ್‌ಪಿಟಿಇಎಲ್ ತನ್ನ ಉಪನ್ಯಾಸಗಳ ಲಿಖಿತ ರೂಪವನ್ನು ಕನ್ನಡಕ್ಕೂ ತರಿಸಿದೆ. ಒಳ್ಳೆಯ ಕೆಲಸ, ಆದರೆ ಓದಿದರೆ ಕೆಲವು ಕಡೆ ಕನ್ನಡದ ಅಕ್ಷರ ಮಾತ್ರ ಕಾಣುತ್ತದೆ, ಕನ್ನಡದ ವಾಕ್ಯ ಕಾಣುವುದಿಲ್ಲ.

ಕಾಲೇಜುಗಳ ವಿಷಯ ಬೇಗ ಹೇಳಿ ಮುಗಿಸಬಹುದು. 2021ರ ಫೆಬ್ರುವರಿಯಲ್ಲಿ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳಿಗೆ ಕಲಿಕಾ ನಿರ್ವಹಣಾ ವ್ಯವಸ್ಥೆ, ಅಂದರೆ ಎಲ್‌ಎಂಎಸ್ ಬಂತು. ಅದೇ ವರ್ಷದ ಜೂನ್‌ನಲ್ಲಿ ಸುಮಾರು ಒಂದೂವರೆ ಲಕ್ಷ ಟ್ಯಾಬ್ಲೆಟ್ ಹಂಚಿಕೆ ಆರಂಭವಾಯಿತು. ಪ್ರತಿ ತರಗತಿಗೂ ಸ್ಲೈಡ್, ಟಿಪ್ಪಣಿ, ವಿಡಿಯೊ, ಬಹು ಆಯ್ಕೆ ಪ್ರಶ್ನೆ ಎಂಬ ಅಚ್ಚು ಸಿದ್ಧವಾಯಿತು. ಅಚ್ಚು ತುಂಬುವುದೇ ಗುರಿಯಾದಾಗ ಪಾಠ ಎಲ್ಲ ವಿಷಯಕ್ಕೂ ಒಂದೇ ಆಕಾರ ತಳೆಯುತ್ತದೆ. ಪಂಪನಿಗೂ ಸಂಖ್ಯಾಶಾಸ್ತ್ರಕ್ಕೂ ಒಂದೇ ಹನ್ನೆರಡು ಸ್ಲೈಡು! ಅದಕ್ಕೂ ಮುಂಚೆ, 2020ರ ಅಕ್ಟೋಬರಿನಿಂದ ಶಾಲಾ ಶಿಕ್ಷಕರೇ ದೀಕ್ಷಾದಲ್ಲಿ ನಿಷ್ಠಾ ತರಬೇತಿಯ 18 ಮಾಡ್ಯೂಲ್ ಮುಗಿಸಬೇಕಿತ್ತು. ವಿಡಿಯೊ ಓಡುವುದಷ್ಟೇ ಲೆಕ್ಕಕ್ಕೆ ಬಂದಾಗ ಫೋನನ್ನು ಮೇಜಿನ ಮೇಲೆ ಮಲಗಿಸಿ ಉತ್ತರಪತ್ರಿಕೆ ತಿದ್ದುವುದನ್ನು ಯಾವ ನೌಕರನೂ ಕಲಿತುಬಿಡುತ್ತಾನೆ. ಇದರಲ್ಲಿ ಶಿಕ್ಷಕರನ್ನು ದೂರುವುದಕ್ಕಿಂತ, ಪ್ರಶ್ನೆ ಕೇಳದ ಪಾಠವನ್ನು ದೂರುವುದು ನ್ಯಾಯ.

ರಾಮಗಿರಿಯಿರುವ ಚಿತ್ರದುರ್ಗ ಜಿಲ್ಲೆಯದೇ ಸಿರಿಗೆರೆಯಲ್ಲಿ ಬೇರೆಯದೇ ದಾರಿಯ ಕೆಲಸವೊಂದು ನಡೆದಿದೆ. ತರಳಬಾಳು ಮಠದ ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಸುಮಾರು 4,000 ಸೂತ್ರಗಳನ್ನು ‘ಗಣಕಾಷ್ಟಾಧ್ಯಾಯೀ’ ತಂತ್ರಾಂಶಕ್ಕೆ ಅಳವಡಿಸಿದರು, ಬಳಿಕ ಶಿವಶರಣರ ವಚನ ಸಂಪುಟವನ್ನು ಫೋನಿಗೂ ತಂದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಓದುವುದಿಲ್ಲ. ಒಂದು ಪದ ಹಿಡಿದು, ಒಬ್ಬ ವಚನಕಾರರನ್ನು ಹಿಡಿದು ಒಳಗೆ ಹೋಗುತ್ತಾರೆ. ಕೋರ್ಸು ಕಟ್ಟುವವರು ಇಲ್ಲಿಂದ ಕಲಿಯಬೇಕಾದ್ದು ಇದೆ. ನಮ್ಮ ವೇದಿಕೆಗಳಲ್ಲಿ ‘ಘಟಕ 3, ವಿಡಿಯೊ 7’ ಎಂಬ ಹೆಸರಿನಡಿ ಹೂತುಹೋದ ಪಾಠವನ್ನು ಪರೀಕ್ಷೆಯ ಹಿಂದಿನ ರಾತ್ರಿ ಹುಡುಕುವವನಿಗೆ ‘ಸಮಾಂತರ ಜೋಡಣೆ: ಎರಡು ಬಲ್ಬಿನ ಲೆಕ್ಕ’ ಎಂಬ ಶೀರ್ಷಿಕೆ ಎಷ್ಟೋ ಉಪಕಾರ.

ಒಂಟಿಯಾಗಿ ಕೂತು ಕೋರ್ಸು ಮುಗಿಸುವವರು ಎಲ್ಲೆಡೆಯೂ ಕಡಿಮೆ. ಹಾರ್ವರ್ಡ್ ಮತ್ತು ಎಂಐಟಿಯ ಎಡ್‌ಎಕ್ಸ್ ಕೋರ್ಸುಗಳಿಗೆ 2017-18ರಲ್ಲಿ ಸೇರಿದವರಲ್ಲಿ ಪೂರೈಸಿದವರು ಶೇ 3ರ ಆಸುಪಾಸು. ಅಜೀಂ ಪ್ರೇಮ್‌ಜಿ ಫೌಂಡೇಷನ್ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 16,067 ಮಕ್ಕಳನ್ನು, ಶಾಲೆ ಮುಚ್ಚಿ ತಿಂಗಳುಗಳಾಗಿದ್ದ 2021ರ ಜನವರಿಯ ಹೊತ್ತಿಗೆ ಪರೀಕ್ಷಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಮರೆತಿದ್ದರು. ಹಾಗಾಗಿ ಪಾಠದ ಪಕ್ಕ ಒಬ್ಬ ಮನುಷ್ಯ ಇರಬೇಕು ಎಂಬುದು ಭಾವುಕತೆಯ ಮಾತಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಅನೇಕ ಕಡೆ ಕಂಪ್ಯೂಟರ್ ಇದೆ, ನೆಟ್ ಇದೆ. ರಾಮಗಿರಿ ಸುತ್ತಿನ ಹಳ್ಳಿಯ ನಾಲ್ಕು ಮಕ್ಕಳು ಸಂಜೆ ಅಲ್ಲಿ ಒಂದೇ ಪರದೆ ಮುಂದೆ ಕೂತು 12 ಯಾಕೆ ತಪ್ಪು ಎಂದು ಜಗಳ ಮಾಡಿದರೆ, ಸ್ವಯಂ ವೇದಿಕೆಯ ಮೂರನೇ ಪಾದ ಯಾವ ಸಾಫ್ಟ್‌ವೇರೂ ಇಲ್ಲದೆ ತುಂಬುತ್ತದೆ. ಕೋರ್ಸಿನಲ್ಲಿ ‘ಗುಂಪಿನಲ್ಲಿ ನೋಡುವವರಿಗೆ’ ಎಂದು ಒಂದು ಪುಟ ಬರೆದಿಟ್ಟಿರಬೇಕು, ಅಷ್ಟೆ.

ಉಳಿದದ್ದು ಕಾಪಿಡುವ ಪ್ರಶ್ನೆ. 2022ರಲ್ಲಿ ಪಠ್ಯ ಪರಿಷ್ಕರಣೆಯ ಗದ್ದಲವಾಯಿತು, 2023ರಲ್ಲಿ ಹೊಸ ಸರ್ಕಾರ ಕೆಲವು ಪಾಠ ಕೈಬಿಟ್ಟು ಪೂರಕ ಪುಸ್ತಿಕೆ ತಂದಿತು. ಪುಸ್ತಕವನ್ನು ಮರುಮುದ್ರಿಸಲು ಇಲಾಖೆಯಲ್ಲಿ ಒಂದು ಪದ್ಧತಿಯಿದೆ, ಏರಿಸಿಟ್ಟ ವಿಡಿಯೊವನ್ನು ಇಳಿಸಲು ಯಾರ ಮೇಜಿನಲ್ಲೂ ಕಡತವಿಲ್ಲ. ನಲವತ್ತು ನಿಮಿಷದ ಪಾಠದಲ್ಲಿ ಮೂರು ನಿಮಿಷ ಹಳತಾದರೆ ಇಡೀ ಪಾಠವೇ ಹಳತು. ಮೂರು ನಿಮಿಷದ ತುಣುಕುಗಳಾಗಿದ್ದರೆ ಕೆಟ್ಟದ್ದೊಂದನ್ನು ಕಿತ್ತು ಹೊಸದು ಹಾಕಬಹುದು. ಒಳ್ಳೆಯ ಪಾಠ ಮಾಡಿದ ಶಿಕ್ಷಕರಿಗೆ ಶಾಲು ಹೊದಿಸಿ ಕಳಿಸುವ ಬದಲು ವರ್ಷಕ್ಕೊಂದು ವಾರ ಅನ್ಯಕಾರ್ಯ ನಿಮಿತ್ತ ರಜೆ ಕೊಟ್ಟು, ಮಕ್ಕಳು ಎಲ್ಲಿ 12 ಒತ್ತಿದರು, ಎಲ್ಲಿ ಬಿಟ್ಟೆದ್ದರು ಎಂಬ ದಾಖಲೆಯನ್ನು ಅವರ ಮುಂದಿಟ್ಟರೆ, ಮುಂದಿನ ಜೂನ್ ಹೊತ್ತಿಗೆ ಆ ತುಣುಕನ್ನು ಅವರೇ ತಿದ್ದಿಕೊಡುತ್ತಾರೆ.